ಕೈತೂಕ

ಒಂಬೈನೂರ ಎಂಬತ್ತು ಗ್ರಾಂ, ಅನ್ನುತ್ತಾನೆ ನಂದಕಿಶೋರ,
ಎರಡೇ ಬೆರಳಲ್ಲಿ ಎತ್ತಿ ತೋರಿಸುತ್ತಾನೆ,
ಕೆಂಡದ ಮೇಲಿನ ಹಪ್ಪಳ ಎತ್ತುವ ಹಾಗೆ, ತುದಿ ಹಿಡಿದು.
ಗ್ರೀನ್ ಸ್ಟ್ರೀಟಿನ ಈ ಅಂಗಡಿಯಲ್ಲಿ
ಫ್ಯಾನಿನ ಗಾಳಿಗೆ ಅದರ ಬೆಲೆಚೀಟಿ ಮಾತ್ರ ಹಾರಾಡುತ್ತಿದೆ.

ಪಕ್ಕದ್ದು ಒಂದೂಮುಕ್ಕಾಲು ಕಿಲೋ.
ಬೂದು ಬಣ್ಣ, ದಪ್ಪ ಅಂಚು, ಒಳಗೊಂದು ಪಂಖ.
ಶುರು ಮಾಡಿದರೆ ಸಣ್ಣಗೆ ಕೆಮ್ಮುತ್ತದೆ,
ಹೆಸರು ಕರೆಯುವ ಮೊದಲು
ತಹಶೀಲ್ದಾರ ಕಚೇರಿಯ ಗುಮಾಸ್ತ ಕೆಮ್ಮುವಂತೆ.

ನನ್ನ ಕೆಲಸ ಮೀನಿನ ಲೆಕ್ಕ.
ಸೋಮವಾರ ಮಾಜಾಳಿ, ಮಂಗಳವಾರ ಬೈತಖೋಲ,
ಬುಧವಾರ ಬಸ್ಸು ಹತ್ತಿ ಬೇಲೇಕೇರಿ.
ಯಾವ ದೋಣಿ, ಎಷ್ಟು ಬುಟ್ಟಿ, ಬಂಗಡೆಯೋ ತಾರ್ಲೆಯೋ,
ಎಷ್ಟು ಮಾರು ಆಳಕ್ಕೆ ಬಿಟ್ಟ ಬಲೆ.
ಕೂರಲು ಮೇಜಿಲ್ಲ; ಮಗುಚಿದ ಕ್ರೇಟು, ಇಲ್ಲವೇ ತೊಡೆ.
ಹಳೆಯದು ಎರಡೂವರೆ ಕಿಲೋ ಇತ್ತು.
ಉಪ್ಪುಗಾಳಿ ಕುಡಿದು ಮೊದಲು ಅದರ 'ಕ' ಸತ್ತಿತು, ಆಮೇಲೆ ಏಳು.
ಏಳು ಟನ್ ಇಳಿದ ದಿನ ಆರೆಂದು ಬರೆಯಲೇ, ಎಂಟೆಂದೇ?
ಅಷ್ಟರಲ್ಲಿ ಎಡ ಹೆಗಲೂ ಹೋಗಿತ್ತು.
ಇನ್ನು ಹಗುರದ್ದೇ ಹೊರಬೇಕು ನೀವು, ಅಂದರು ಡಾಕ್ಟರು,
ಅದೇನು ಮಾತ್ರೆಯೆಂಬಂತೆ ಚೀಟಿಯಲ್ಲಿ ಬರೆದೇ ಕೊಟ್ಟರು.

ಪೋರ್ಟು ಎಷ್ಟಿವೆ ಇದಕ್ಕೆ?
ಎರಡು ಮೇಡಂ.
ನಗು ಬಂತು. ತದಡಿ, ಹೊನ್ನಾವರ, ಭಟ್ಕಳ ಎಂದು
ಬಂದರು ಎಣಿಸಿಯೇ ಸಂಬಳ ತೆಗೆದುಕೊಳ್ಳುವವಳಿಗೆ
ಎರಡೇ ಬಂದರಿನ ದೇಶ ಮಾರುತ್ತಾನೆ!
ಒಂದು ಚಾರ್ಜರಿಗೇ ಮೀಸಲು. ಉಳಿದ ಒಂದರಲ್ಲಿ
ತಾಂಡೇಲರ ಮೆಮೊರಿ ಕಾರ್ಡು ಎಲ್ಲಿ ಲಂಗರು ಹಾಕಬೇಕು?
ಅದಕ್ಕೊಂದು ಹಬ್ ಬರ್ತದೆ, ನೂರೇ ಗ್ರಾಂ.
ಅಂಕಿಯ ಕೀಲಿಗಳು?
ಅದೂ ಬೇರೆ ಬರ್ತದೆ.
ಸಣಕಲು ನೆಂಟ ಊಟಕ್ಕೆ ಬಂದ ಹಾಗೆ:
ತಾನು ಕೈಬೀಸಿಕೊಂಡು ಮುಂದೆ,
ಮಣೆ, ತಟ್ಟೆ, ಲೋಟ ಹೊತ್ತವರು ಹಿಂದೆ.

ಎಲ್ಲ ಸೇರಿ ಚೀಲಕ್ಕೆ ಬಿದ್ದರೆ ಒಂದೂಕಾಲು.
ಆದರೂ ಅರ್ಧ ಕಿಲೋ ಕಡಿಮೆಯೇ.
ಅರ್ಧ ಕಿಲೋ ಎಂದರೇನೆಂದು
ರಾತ್ರಿ ಎರಡಕ್ಕೆ ಎಚ್ಚರವಾಗುವ ಹೆಗಲನ್ನು ಕೇಳಬೇಕು.

ಆಗ ಶೇವಂತಿ ಬಂದಳು, ದಿನವೂ ಬರುವಂತೆ,
ಅಂಗಡಿಯ ಮೆಟ್ಟಿಲಲ್ಲಿ ಬುಟ್ಟಿ ಇಳಿಸಿ, ಇಣುಕಿ,
ಎರಡರ ನಡುವೆ ಸಿಕ್ಕ ನನ್ನ ಮುಖ ಕಂಡು
ಕೊಡು ಇಲ್ಲಿ, ಅಂದಳು.
ಏ, ಮೀನಿನ ಕೈ! ಎಂದು ನಂದಕಿಶೋರ ಕೂಗುವಷ್ಟರಲ್ಲಿ
ಸೆರಗಿಗೆ ಒರೆಸಿದ ಅಂಗೈಗಳ ಮೇಲೆ
ಎಡಕ್ಕೊಂದು, ಬಲಕ್ಕೊಂದು.
ನಲವತ್ತು ವರ್ಷ ತಕ್ಕಡಿಯನ್ನು ನಂಬದ ಕೈ.
ಕಣ್ಣು ಮುಚ್ಚಿದಳು.
ಇದು ಲೇಪ. ಚಪ್ಪಟೆ ಮೀನು, ಒಬ್ಬರ ಗಂಜಿಗೆ ಸಾಕು.
ಇದು ಇಸವಾಣ.
ನಿನ್ನಲ್ಲಿ ಉಣ್ಣುವವರು ಎಷ್ಟು ಮಂದಿ?

ಒಬ್ಬಳೇ, ಎನ್ನಲು ಬಾಯಿ ತೆರೆದೆ.
ತಂಬಾಕಿನ ಡಬ್ಬಿಯಲ್ಲಿ ಕಾರ್ಡು ಮಡಗಿ ತರುವ
ಮಾಜಾಳಿಯ ಗಜಾನನ ತಾಂಡೇಲ ನೆನಪಾದ,
ಪೆನ್‌ಡ್ರೈವನ್ನು ತಾಯಿತದ ಜೊತೆ ಕಟ್ಟಿಕೊಂಡ ಸೊಸೈಟಿಯ ಅಂತೋನ,
ನನ್ನ ಬದಿಗೆ ತಂತಿ ಸಿಕ್ಕಿಸಿ
ಫೋನಿಗೆ ಜೀವ ತುಂಬಿಕೊಳ್ಳುವ ಐಸ್ ಗಾಡಿಯ ಹುಡುಗ,
ಬೇಲೇಕೇರಿಯ ಇಡೀ ಸಾಲು.

ಹನ್ನೊಂದು, ಅಂದೆ.
ಹೊರುವವರು?
ಒಬ್ಬಳೇ.

ಶೇವಂತಿ ಏನೂ ಹೇಳಲಿಲ್ಲ.
ಸಿಂಬಿ ಸರಿಮಾಡಿಕೊಂಡು, ಒಂದು ಕೈ ಹಚ್ಚು ಅಂದಳು.
ಬುಟ್ಟಿಯ ಒಂದು ಅಂಚು ನಾನು, ಒಂದು ಅಂಚು ಅವಳು;
ತಲೆಗೇರುವ ತನಕ ಅದು ನಮ್ಮಿಬ್ಬರ ಭಾರ,
ಏರಿದ ಮೇಲೆ ಅವಳದ್ದು.

ಬುಧವಾರ. ಹೆದ್ದಾರಿಯಲ್ಲಿ ಇಳಿದು ನಡೆಯುತ್ತಿದ್ದೇನೆ,
ಶಾಲೆಯ ತನಕ ಬಲ ಹೆಗಲು, ಅಲ್ಲಿಂದ ಎಡ.
ಆರಿಸಲು ಮರೆತೆನೇನೋ:
ಚೀಲದೊಳಗಿಂದ ಸಣ್ಣದೊಂದು ಕೆಮ್ಮು.