ಎಡಗಾಲು

ಕ್ಲಚ್ ತುಳಿದರೆ ಕುರ್ಚಿಯೇ ಹಿಂದಕ್ಕೆ ಜಾರುತ್ತದೆ.
ಚಕ್ರಗಳಡಿ ಹಳೇ ಉಣ್ಣೆ ಕಾಲುಚೀಲ ತುರುಕಿ
ಟಾಂಪೆರೆಯ ನಾಲ್ಕನೇ ಮಹಡಿಯಿಂದ
ಟ್ಯಾಕ್ಸಿಯ ಆರ್ಮಾಸ್, ರಾತ್ರಿ ಹನ್ನೊಂದಕ್ಕೆ,
ಕಾಡಿನ ಜಲ್ಲಿ ರಸ್ತೆಗೆ ಇಳಿಯುತ್ತಾನೆ.

ಎರಡರಿಂದ ಮೂರು. ಟಕ್.
ಮೂರರಿಂದ... ಅಯ್ಯೋ, ಎರಡಲ್ಲ, ನಾಲ್ಕು!
ಕರ್ರೆಂದು ಹಲ್ಲು ಕಡಿಯಿತು
ಹಲ್ಲೇ ಇಲ್ಲದ ಗೇರು.
ಕೆಳಮನೆಯ ಸಿಲ್ವಿ ಪೊರಕೆ ಹಿಡಿಯಿಂದ
ಚಾವಣಿಗೆ ಎರಡು ಗುದ್ದು ಕೊಟ್ಟಳು.
ಸಹಚಾಲಕಿಯ ಸೂಚನೆಯೆಂದೇ ತಿಳಿದ:
ಮುಂದೆ ಎಡ ತಿರುವು, ಮೆಲ್ಲಗೆ.

ಇಲ್ಲಿ ಯಾವುದೂ ಸುಡುವುದಿಲ್ಲ.
ಕ್ಲಚ್ಚೆಂದರೆ ಒಂದು ಸ್ಪ್ರಿಂಗು, ಒಂದು ಅಯಸ್ಕಾಂತ;
ಸೀದ ವಾಸನೆ ನೆನಪಿನಿಂದಲೇ ಬರಬೇಕು.
ಮೀನಖಂಡ ಮಾತ್ರ
ನಿಜವಾಗಿಯೇ ನೋಯುತ್ತದೆ.

ಬೆಳಗ್ಗೆ ಆರು, ಮೈನಸ್ ಹತ್ತೊಂಬತ್ತು.
ಬ್ಯಾಟರಿ ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ
ಪಾಳಿ ಮುಗಿಸಿದ ನರ್ಸು ತೂಕಡಿಸುತ್ತಾಳೆ.
ಗೇರಿಲ್ಲ, ಗೊರಗೊರವಿಲ್ಲ,
ಹಿಮದ ಮೇಲೆ ಕಾರು ಹಾಲಿನಂತೆ ಹರಿಯುತ್ತದೆ.
ಹಸಿರು ಬಿತ್ತು.
ಏನೂ ಇಲ್ಲದ ನೆಲದ ಮೇಲೆ
ಅವನ ಎಡಗಾಲು
ಮೆತ್ತಗೆ ಒತ್ತಿ,
ಇನ್ನೂ ಮೆತ್ತಗೆ ಬಿಟ್ಟಿತು.

ಅವಳಿಗೆ ಎಚ್ಚರವಾಗಲಿಲ್ಲ.