ಗುಂಡಿ ಬ್ಯಾಟರಿ

ಕುಶಿರೋ ಬಂದರಿನ ಮಂಜು
ಜೂನಿನಲ್ಲೂ ಬಾಗಿಲು ತಟ್ಟದೆ ಒಳಗೆ ಬರುತ್ತದೆ.
ನನ್ನದು ಹಳೆಯ ಆಟಗಳ ಅಂಗಡಿ, ಅದಕ್ಕೆ ಮುಂಚೆ ರೇಡಿಯೊ ರಿಪೇರಿ,
ಅದಕ್ಕೂ ಮುಂಚೆ ಅಪ್ಪ ಬಲೆ ಹೆಣೆಯುತ್ತಿದ್ದ ಕೋಣೆ.
ಬೆಸುಗೆಯ ಹೊಗೆಗೆ ಈಗಲೂ ಒಂದಿಷ್ಟು ಮೀನಿನ ವಾಸನೆ.

ಅಕಿಬಾ ತೊಮೊಎ, ಶಾಲಾ ಬಸ್ಸು ನಡೆಸುವವಳು,
ಸಮವಸ್ತ್ರದ ಜೇಬಿನಿಂದ ತೆಗೆದು ಗಾಜಿನ ಮೇಲಿಟ್ಟಳು
ಬಿಸ್ಕತ್ತಿನಷ್ಟಗಲದ ಬೂದು ಕ್ಯಾಸೆಟ್ಟು.
"ಬ್ಯಾಟರಿ ಮುಗಿಯುತ್ತಾ ಬಂತಂತೆ. ಬದಲಿಸುತ್ತೀರಾ,
ಒಳಗಿರುವವರಿಗೆ ತೊಂದರೆಯಾಗದ ಹಾಗೆ?"

ಒಳಗಿರುವವರು!
ಹೇಗೆ ಹೇಳಲಿ, ಆಟಕ್ಕೆ ಯಾರ ನೆನಪೂ ಇಲ್ಲ,
ನೆನಪೆಲ್ಲ ಆ ಗುಂಡಿ ಬ್ಯಾಟರಿಯದು.
ಅದನ್ನು ಎಬ್ಬಿದ ಗಳಿಗೆಯಲ್ಲೇ ಅಷ್ಟೂ ಮೃಗಗಳು
ಹೆಸರು ಕಳಚಿಟ್ಟು ಹುಲ್ಲಿಗೆ ವಾಪಸು.

ಅವಳು ಸ್ವಿಚ್ಚು ಒತ್ತಿದಳು. ಟಿಣ್ ಎಂದಿತು.
ಪಾಲಕ್ ಬಣ್ಣದ ಪರದೆಯಲ್ಲಿ ಕೋಡಿರುವ ಒಂದು ಆಮೆ.
ಹೆಸರು: ಇಕುರಾ. ಮೀನಿನ ತತ್ತಿ ಎಂದರ್ಥ.
ಒಡೆಯ: ಕಿಯೊಹಿಕೊ.

ಆ ಆಟ ಎರಡು ಬಣ್ಣದಲ್ಲಿ ಬಂದಿತ್ತು.
ಅವಳದರಲ್ಲಿದ್ದದ್ದು ಅವನದರಲ್ಲಿಲ್ಲ, ಅವನದರಲ್ಲಿದ್ದದ್ದು ಅವಳದರಲ್ಲಿಲ್ಲ.
ಮಾಡಿದವರು ಬೇಕೆಂದೇ ಬಿಟ್ಟ ಕೊರತೆ,
ಒಂದು ಬಟ್ಟಲು ಮಿಸೊ ಕಡ ತಾ ಎಂದು
ಮಗುವನ್ನು ಪಕ್ಕದ ಮನೆಗೆ ಅಟ್ಟಿದ ಹಾಗೆ.
ಡಬ್ಬಿ ಮೀನಿನ ಕಾರ್ಖಾನೆಯ ಹಿಂದಿನ ಮೆಟ್ಟಿಲು,
ನಡುವೆ ಗೇಣುದ್ದ ಕಡಿಮೆ ಬಿದ್ದ ತಂತಿ.
ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರೆ ಮಾತ್ರ
ಆಮೆ ದಾಟುತ್ತಿತ್ತು.
ದಾಟಿದ ಮೇಲೆಯೇ ಅದಕ್ಕೆ ಕೋಡು ಮೂಡಿದ್ದು.
ಕೈ ಬದಲಾಗದೆ ಬೆಳೆಯದ ಜಾತಿ ಅದು.

"ಮಾರ್ಚಿಯಲ್ಲಿ ಅವರಪ್ಪನಿಗೆ ವರ್ಗವಾಯಿತು.
ನಾನು ಕೊಟ್ಟ ಬಾವಲಿ ಅವನಲ್ಲೇ ಉಳಿಯಿತು."
ಅಷ್ಟೇ ಹೇಳಿದಳು. ನಾನೂ ಕೇಳಲಿಲ್ಲ.

ಆಮೇಲೆ ಮರಿ ಆಟಗಳು ಹುಟ್ಟಿದವು, ನೆನಪಿದೆ,
ಶನಿವಾರ ಬೆಳಿಗ್ಗೆ ಷಟರಿನ ಮುಂದೆ ಮಕ್ಕಳ ಸಾಲು.
ಒಂದರಲ್ಲಿ ಮೃಗ ಚೆಂಡಾಗಿ ಮುದುರಿ ಪಿನ್‌ಬಾಲ್ ಮೇಜಿನಲ್ಲಿ ಉರುಳಿತು,
ಒಂದರಲ್ಲಿ ಎಲೆಯಾಗಿ ಇಸ್ಪೀಟಿಗೆ ಬಿತ್ತು.
ಒಂದರಲ್ಲಿ ಮಾತ್ರ ಕೈಗೊಂದು ಕ್ಯಾಮೆರಾ ಕೊಟ್ಟು
ಗಾಡಿಯಲ್ಲಿ ಕೂರಿಸಿ ಕಾಡು ಸುತ್ತಿಸಿದರು.
ಬಲೆಯಿಲ್ಲ, ಪಂಜರವಿಲ್ಲ, ಗೆಲುವೂ ಇಲ್ಲ.
"ಹಿಡಿಯೋಕೇ ಬಿಡಲ್ಲ, ಇದೆಂಥ ಆಟ?" ಎಂದು
ವಾರದೊಳಗೆ ಅರ್ಧ ಬೆಲೆಗೆ ಮಾರಿ ಹೋದವರಲ್ಲಿ
ಎರಡು ಜಡೆಯ ಒಬ್ಬ ಹುಡುಗಿ. ಇವಳೇ ಇದ್ದರೂ ಇರಬಹುದು.

ದಾರಿಯೊಂದಿದೆ, ಎಂದೆ.
ಹೊಸ ಬ್ಯಾಟರಿಯನ್ನು ಪಕ್ಕದಲ್ಲಿ ಕಟ್ಟಿ, ಉಸಿರು ಹರಿಯುತ್ತಿರುವಾಗಲೇ
ಹಳೆಯದನ್ನು ಬಿಡಿಸಬೇಕು, ದೀಪದಿಂದ ದೀಪ ಹಚ್ಚಿದಂತೆ.
ಕೂದಲೆಳೆ ತಪ್ಪಿದರೆ ಕತ್ತಲೆ.
ಅವಳು ನನ್ನ ಕೈ ನೋಡಿದಳು. ನಾನೂ ನೋಡಿಕೊಂಡೆ.
ಅರವತ್ತೊಂಬತ್ತರ ಕೈ. ಮಾತಾಡುವಾಗಲೂ ನಡುಗುತ್ತದೆ,
ಸುಮ್ಮನಿದ್ದಾಗ ಇನ್ನೂ ಹೆಚ್ಚು.

ಗಡಿಯಾರ ಎರಡೂಮುಕ್ಕಾಲು. ಬಸ್ಸಿನ ಹೊತ್ತು.
ಫೋನು ತೆಗೆದಳು. ಪರದೆಯ ಮೇಲೆ ಬಿದ್ದ ಟ್ಯೂಬ್‌ಲೈಟನ್ನು
ಅಂಗೈಯಲ್ಲಿ ಮರೆಮಾಡಿ
ಇಕುರಾನ ಒಂದು ಪಟ, ಹೆಸರಿನ ಒಂದು ಪಟ,
ನಾಲ್ಕಕ್ಷರ, ಐದನೆಯದರ ಜಾಗ ಖಾಲಿ.

"ಎಷ್ಟು ಕೊಡಲಿ?"
ಸ್ಕ್ರೂ ಕೂಡ ಬಿಚ್ಚಿಲ್ಲವಲ್ಲ ತಾಯಿ.

ಬಾಗಿಲ ಬಳಿಯ ಮುನ್ನೂರು ಯೆನ್ನಿನ ಬುಟ್ಟಿ ಕೆದಕಿ
ಅದೇ ಕ್ಯಾಮೆರಾ ಆಟವನ್ನು ಎತ್ತಿಕೊಂಡಳು.
ನಡೆಯುತ್ತದೋ ನೋಡೋಣವೆಂದು ಟೀವಿಗೆ ಹಾಕಿದೆ:
ಒಳಗೆ ಯಾರೋ ತೆಗೆದಿಟ್ಟ ಪಟಗಳು ಹಾಗೇ ಇದ್ದವು,
ಬರೀ ಬಾಲ, ಬರೀ ಆಕಾಶ,
ತಲೆ ಕತ್ತರಿಸಿಹೋದ, ಓಡುತ್ತಿರುವ ಏನೋ ಒಂದು.

ಅವಳು ನಕ್ಕಳು. ಅಳಿಸಬೇಡಿ, ಎಂದಳು.
ಹೊರಗೆ ಮಂಜಿನಲ್ಲಿ ಹಳದಿ ಬಸ್ಸು
ಮೊದಲು ದೀಪವಾಗಿ, ಆಮೇಲೆ ಸದ್ದಾಗಿ ಹೋಯಿತು.