ಏಳಕ್ಕೊಂದು ಅಡ್ಡಗೆರೆ

ಗಣಿತದ ಪುಸ್ತಕ ತಂದು ನನ್ನ ಮೊಣಕಾಲ ಮೇಲಿಟ್ಟಳು ಮೇದಿನಿ.
ಲೆಕ್ಕ ಸರಿ, ಅಂಕಿ ತಪ್ಪಂತೆ.
ಏಳರ ನಡುವಿಗೆ ಗೆರೆ ಎಳೆದದ್ದಕ್ಕೆ
ಮಿಸ್ಸು ಕೆಂಪಿನಲ್ಲಿ ಸುತ್ತು ಹಾಕಿದ್ದಾರೆ:
ಇದೇನು? ಹತ್ತು ಸಲ ಬರೆದು ತಾ.

ಹಾಲಿನ ಲೆಕ್ಕದಲ್ಲಿ ನೀನು ಹೀಗೇ ಬರೀತೀಯಲ್ಲ ಅಜ್ಜಿ,
ಅದಕ್ಕೇ ನಾನೂ.

ಹೌದು ಕಣೆ. ನಾನೂ ನೋಡಿ ಬರೆದದ್ದೇ,
ಒಬ್ಬಳ ತೋಳಿನಿಂದ.

ಭದ್ರಾವತಿಯ ಕಾರ್ಖಾನೆ ಆಸ್ಪತ್ರೆ. ನನಗೆ ಹತ್ತೊಂಬತ್ತು,
ಗಂಜಿ ಹಾಕಿದ ಬಿಳಿ ಸೀರೆ ಇನ್ನೂ ಮಾತು ಕೇಳುತ್ತಿರಲಿಲ್ಲ.
ಪರದೇಶದ ಇಂಜಿನಿಯರ ಹೆಂಡತಿ ಸೊಂಟ ಮುರಿದು ಮಲಗಿದ್ದಳು.
ಹಾನಾ ಅಂತ ಹೆಸರು, ನಮ್ಮ ಬಾಯಲ್ಲಿ ಹಣಮ್ಮ.
ಹಣಮ್ಮನ ಪರ್ಸು ಖಾಲಿ ಅಂತ ತಾನೇ ನಗೋಳು.
ಮೈ ಒರೆಸುವಾಗ ಎಡಗೈ ಮಾತ್ರ ನನಗೆ ಕೊಡುತ್ತಿರಲಿಲ್ಲ.

ಹನ್ನೊಂದನೆಯ ದಿನವೋ ಏನೋ, ಕೊಟ್ಟಳು.
ಹಚ್ಚೆ ನಾನು ಕಾಣದ್ದಲ್ಲ,
ನಮ್ಮಜ್ಜಿಯ ಮೊಣಕೈ ತುಂಬ ಚೇಳು, ಬಾಸಿಂಗ, ತುಳಸಿಕಟ್ಟೆ.
ಅಂಕಿಯ ಹಚ್ಚೆ ಕಂಡಿರಲಿಲ್ಲ.
ಕೊನೆಯದನ್ನು ಯಾಕೆ ಹೊಡೆದು ಹಾಕಿದ್ದಾರೆ, ಅಂದೆ.
ಹೊಡೆದದ್ದಲ್ಲ ಹುಡುಗಿ, ಅದು ಏಳು.
ಒಂದು ಅಂತ ಯಾರೂ ತಪ್ಪು ಓದಬಾರದಲ್ಲ,
ಅದಕ್ಕೆ ನಮ್ಮ ಕಡೆ ಗೆರೆ.

ಅವಳ ಕನ್ನಡ ಮುರುಕು, ನನ್ನ ಇಂಗ್ಲಿಷು ಅದಕ್ಕಿಂತ.
ನಡುವೆ ಬಿಸಿನೀರಿನ ಬೇಸಿನ್ನು.
ಹಾಗಾಗಿ ಇದು ಪೂರ್ತಿ ಕಥೆಯಲ್ಲ ಮೇದಿನಿ,
ಸಿಕ್ಕಷ್ಟು.

ಅಂಕಿಯೂ ಏಳು, ಎಬ್ಬಿಸುವುದೂ ಏಳು,
ನಿಮ್ಮ ಭಾಷೆಗೆ ನನ್ನ ವಿಷಯ ಯಾರು ಹೇಳಿದರು, ಅಂತ ಕೇಳಿದಳು ಒಮ್ಮೆ.
ಕತ್ತಲಿರುವಾಗಲೇ ಎಬ್ಬಿಸಿ
ಹಿಮದಲ್ಲಿ ನಿಲ್ಲಿಸಿ ಎಣಿಸುತ್ತಿದ್ದರಂತೆ.
ಸಾಲಿನಲ್ಲಿ ಇವಳ ಹಿಂದೆ ತಂಗಿ, ಕೊನೆಗೆ ಎಂಟು.
ಒಂದು ಬೆಳಿಗ್ಗೆ ಏಳು ಎದ್ದಿತು,
ಎಂಟು ಏಳಲಿಲ್ಲ.

ಅಷ್ಟರಲ್ಲಿ ಪಾಳಿಯ ಕೂಗು ಹೊಡೆಯಿತು.
ಸೊಂಟ ಮುರಿದವಳು
ಎರಡೂ ಕೈ ಊರಿ ಏಳಲು ನೋಡಿದಳು.
ನಾನು ಭುಜ ಹಿಡಿದುಕೊಂಡೆ, ಕೂಗು ನಿಲ್ಲುವವರೆಗೆ.

ಮೇದಿನಿ ಏನೂ ಅನ್ನಲಿಲ್ಲ. ಪೆನ್ಸಿಲ್ ಚೂಪು ಮಾಡಿ
ಮಿಸ್ಸು ಹೇಳಿದ ಹಾಗೆ ಹತ್ತು ಬರೆದಳು, ಬೋಳು ಏಳು.
ಪುಸ್ತಕ ಮುಚ್ಚಿ ಬ್ಯಾಗಿಗೆ ಹಾಕಿದ ಮೇಲೆ ಕೇಳಿದಳು,
ಎಂಟರ ಹೆಸರೇನಜ್ಜಿ?

ಐವತ್ತು ವರ್ಷ ಗೆರೆ ಎಳೆದಿದ್ದೇನೆ,
ಹಾಲಿಗೆ, ಸೀಮೆಎಣ್ಣೆಗೆ, ಬಾಡಿಗೆ ಚೀಟಿಗೆ.
ಅದೊಂದು ಕೇಳಿರಲಿಲ್ಲ.